ಜಾಡು ನಮ್ಮ ಒಲೆಯವರೆಗೆ

ನಮ್ಮ ಕಾರವಾರ, ಅಂಕೋಲೆ ಕಡೆಯ ಕೆಲವು ಗಂಡಸರಿಗೆ ಒಂದು ಹುಚ್ಚಿದೆ. ಎಲ್ಲರಿಗೂ ಇಲ್ಲ. ಆದರೆ ಇದ್ದವರಿಗೆ ಅದು ಚೈತ್ರದಿಂದ ಫಾಲ್ಗುಣದವರೆಗೆ ಬಿಡುವಿಲ್ಲದೆ ಇರುತ್ತದೆ. ಬಂದೂಕು ಕೈಗೆತ್ತಿಕೊಳ್ಳುವುದು ವರ್ಷದಲ್ಲಿ ನಾಲ್ಕೋ ಐದೋ ರಾತ್ರಿ. ಉಳಿದ ದಿನಗಳೆಲ್ಲ ಜಾಡು ನೋಡುವುದಕ್ಕೇ ಮೀಸಲು. ಕಡವೆ ಯಾವ ಹಳ್ಳ ದಾಟಿತು, ಕಾಡುಕುರಿ ಯಾವ ಪೊದೆಯಲ್ಲಿ ಮಲಗಿತ್ತು, ಬರ್ಕ ಯಾವ ಮರದಡಿ ಹಣ್ಣು ಹೆಕ್ಕಿತು ಎಂಬುದೇ ಅವರ ಮಾತು, ಅವರ ಕನಸು. ಇದಕ್ಕೆ ಅವರು ಕೊಟ್ಟುಕೊಂಡ ಹೆಸರು ‘ಕಾಡಿನ ಪ್ರೀತಿ’. ಈ ಹೆಸರನ್ನು ನಾನು ಒಪ್ಪುವುದಿಲ್ಲ. ಗಂಡಸರ ಹವ್ಯಾಸದ ಉಸಾಬರಿ ನಮಗೇಕೆ ಎಂದು ನೀವು ಕೇಳಬಹುದು. ಆ ಜಾಡು ಕೊನೆಗೆ ಬಂದು ನಿಲ್ಲುವುದು ನಮ್ಮ ಅಡುಗೆಮನೆಯಲ್ಲಿ, ಅದಕ್ಕೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಮೀನು ತಿನ್ನುವವಳು. ಮನೆಯಲ್ಲಿ ಕೋಳಿಯೂ ಬೇಯುತ್ತದೆ. ಹಾಗಾಗಿ ಇದು ಸಸ್ಯಾಹಾರಿಯ ಉಪದೇಶವೆಂದು ಯಾರೂ ಪುಟ ಮಗುಚಬೇಕಾಗಿಲ್ಲ.

ಜಾಡು ನೋಡುವವರ ತಿಳಿವಳಿಕೆಯನ್ನು ಹಗುರ ಮಾಡುವ ಉದ್ದೇಶವೂ ನನಗಿಲ್ಲ. ನಮ್ಮ ನೆಂಟರಿಷ್ಟರಲ್ಲೇ ಇಂಥವರಿದ್ದಾರೆ; ಊಟಕ್ಕೆ ಕೂತರೆ ಅವರ ಬಾಯಲ್ಲಿ ಬೇರೆ ಮಾತೇ ಇಲ್ಲ. ಮಳೆಗಾಲದಲ್ಲಿ ಹಸಿ ಮಣ್ಣಿನ ಮೇಲೆ ಮೂಡಿದ ಗೊರಸಿನ ಆಳ ನೋಡಿ ಪ್ರಾಣಿಯ ತೂಕ ಹೇಳುತ್ತಾರೆ. ದೀಪಾವಳಿಯ ಹೊತ್ತಿಗೆ ಗದ್ದೆಯಂಚಿನ ಬೇಲಿ ಎಲ್ಲಿ ಬಾಗಿದೆ, ಗಂಡು ಕಡವೆ ಯಾವ ಮರದ ತೊಗಟೆಗೆ ಕೊಂಬು ತಿಕ್ಕಿದೆ ಎಂದು ಗುರುತು ಹಾಕುತ್ತಾರೆ. ಚಳಿಗಾಲದಲ್ಲಿ ನೆಲ್ಲಿಮರದ ಬುಡ ನೋಡುತ್ತಾರೆ. ಬೇಸಿಗೆಯಲ್ಲಿ ಕಡವೆ ಕೊಂಬು ಉದುರಿಸುವ ಕಾಲ. ಆಗ ಬತ್ತದೆ ಉಳಿದ ನೀರಿನ ಗುಂಡಿಗಳ ಲೆಕ್ಕ ಶುರುವಾಗುತ್ತದೆ. ಕದ್ರಾದ ಆಚೆಯ ಕಾಡಿರಲಿ, ಅಂಕೋಲೆಯಿಂದ ಸುಂಕಸಾಳ, ರಾಮನಗುಳಿಯ ಮೇಲೆ ಹುಬ್ಬಳ್ಳಿಗೆ ಹೋಗುವ ರಸ್ತೆಯ ಎಡಬಲದ ಬೆಟ್ಟವಿರಲಿ, ಅವರಿಗೆ ಅಂಗೈ ರೇಖೆಯಷ್ಟು ಪರಿಚಯ. ಇಷ್ಟು ಶ್ರದ್ಧೆಯಿಂದ ಅವರು ಹೆಂಡತಿಯ ಮುಖ ನೋಡಿದ್ದರೆ ಎಷ್ಟೋ ಮನೆಗಳು ಬೆಳಗುತ್ತಿದ್ದವು!

ಆದರೆ ನೋಡುವುದೆಲ್ಲ ಪ್ರೀತಿಯೆ? ದನ ಕೊಳ್ಳುವ ದಲ್ಲಾಳಿಯೂ ದನವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆ. ಕನ್ನ ಹಾಕುವವನು ಮನೆಯನ್ನು ವಾರಗಟ್ಟಲೆ ನೋಡುತ್ತಾನೆ. ಯಜಮಾನ ಎಷ್ಟು ಹೊತ್ತಿಗೆ ಮಲಗುತ್ತಾನೆ, ನಾಯಿ ಯಾವಾಗ ಸುಮ್ಮನಾಗುತ್ತದೆ ಎಂಬುದು ಅವನಿಗೆ ಮನೆಯೊಡತಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹಾಗೆಂದು ಅವನನ್ನು ಆ ಮನೆಯ ಹಿತೈಷಿ ಎನ್ನುವುದಿಲ್ಲ ನಾವು.

ಜಾಡು ನೋಡುವವರಲ್ಲಿ ಕೆಲವರು ಉಪ್ಪನ್ನೂ ಇಡುತ್ತಾರೆ. ಜಿಂಕೆ ಜಾತಿಯ ಪ್ರಾಣಿಗಳಿಗೆ ಉಪ್ಪಿನ ಹಂಬಲ ಹೆಚ್ಚು. ಕಾಡಿನಲ್ಲಿ ಉಪ್ಪುಮಣ್ಣು ಇದ್ದಲ್ಲಿಗೆ ಬಂದು ನೆಕ್ಕುತ್ತವೆ. ಆ ಆಸೆ ತಿಳಿದವರು ಕಲ್ಲುಪ್ಪು ಸುರಿದು, ವಾರಗಟ್ಟಲೆ ಏನೂ ಮಾಡದೆ ಅವನ್ನು ರೂಢಿಗೆ ಬೀಳಿಸುತ್ತಾರೆ. ನಂಬಿಕೆ ಹುಟ್ಟಿದ ಮೇಲೆ ಒಂದು ರಾತ್ರಿ ಮರದ ಮೇಲೆ ಕೂರುತ್ತಾರೆ. ಉಪ್ಪು ಕೊಟ್ಟವನು, ಉಪ್ಪು ಉಂಡವನು ಪರಸ್ಪರ ಕೇಡು ಬಗೆಯಬಾರದು ಎಂದು ನಂಬಿದ ನಾಡು ನಮ್ಮದು. ಅದರಲ್ಲೂ ಅಂಕೋಲೆ! 1930ರಲ್ಲಿ ಇಲ್ಲಿಯ ಜನ ಕಡಲ ದಂಡೆಯಲ್ಲಿ ಉಪ್ಪಿಗಾಗಿ ಸತ್ಯಾಗ್ರಹ ಹೂಡಿ ಊರಿಗೆ ಹೆಸರು ತಂದರು. ಆ ಊರಿನ ಬೆಟ್ಟದಲ್ಲಿ ಇಂದು ಉಪ್ಪು ಮೋಸದ ಸಾಮಾನಾಗಿದೆ.

ಇನ್ನು ‘ಸೀಜನ್’ ಎಂಬ ಮಾತು. “ಈಗ ಬರೀ ನೋಡುವುದು ಅತ್ತಿಗೆ, ಸೀಜನ್ ಇನ್ನೂ ಬಂದಿಲ್ಲ” ಎಂದು ಸಂಬಂಧಿಕರೊಬ್ಬರು ನನಗೆ ಸಮಾಧಾನ ಹೇಳುವುದುಂಟು. ಸೀಜನ್ ಎಂದರೇನೆಂದು ಕರಾವಳಿಯ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬೈತಖೋಲ ಬಂದರಿನಲ್ಲಿ ದೋಣಿಗಳು ಕಟ್ಟಿಹಾಕಿಸಿಕೊಂಡು ನಿಲ್ಲುತ್ತವೆ. ಮೀನು ಮೊಟ್ಟೆಯಿಡುವ ಕಾಲವೆಂದು ಆ 61 ದಿನ ನಾವು ಒಣಮೀನಿನ ಡಬ್ಬ ಕೆಳಗಿಳಿಸುತ್ತೇವೆ, ಬೇಳೆ ಹುಳಿಯಲ್ಲಿ ದಿನ ದೂಡುತ್ತೇವೆ. ದೋಣಿಯ ದುಡಿಮೆಯನ್ನೇ ನಂಬಿದ ಮನೆಗಳಲ್ಲಿ ಒಲೆ ಹೊತ್ತಿಸುವುದೇ ಕಷ್ಟವಾಗುತ್ತದೆ, ಆದರೂ ತಡೆದುಕೊಳ್ಳುತ್ತಾರೆ. ಸೀಜನ್ ಎಂದರೆ ಮೊದಲು ತಡೆದುಕೊಳ್ಳುವುದು. ಕಾಡಿನಲ್ಲಿ ಈಗ ಅಂಥ ಸೀಜನ್ ಯಾವುದೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಮೊದಲು ಲೈಸೆನ್ಸ್ ಪಡೆದು ಕೆಲವು ಪ್ರಾಣಿಗಳ ಬೇಟೆಯಾಡಲು ಅವಕಾಶವಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಮುಚ್ಚಿದ ಬಾಗಿಲ ಮುಂದೆ ಇನ್ನೂ ಸೀಜನ್ ಕಾಯುತ್ತ ಕೂತಿದ್ದಾರೆ ನಮ್ಮ ಶೂರರು.

‘ಬರೀ ನೋಡುವುದು’ ಎಂಬ ಮಾತಿಗೂ ಕಾಯ್ದೆ ಉತ್ತರ ಕೊಟ್ಟಿದೆ. ಕೊಲ್ಲುವುದು ಮಾತ್ರ ಬೇಟೆಯಲ್ಲ. ಅಟ್ಟುವುದು, ಉರುಳು ಹಾಕುವುದು, ಆಮಿಷ ಒಡ್ಡುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೆಂದೇ ಅದರ ವ್ಯಾಖ್ಯೆ. ಉಪ್ಪು ಸುರಿದ ದಿನವೇ ಬೇಟೆ ಶುರುವಾಯಿತು. ಅದೇ ಕಾಯ್ದೆ ‘ಮಾಂಸ’ ಎಂಬ ಪದಕ್ಕೆ ಕೊಟ್ಟ ಅರ್ಥವನ್ನು ನಾವು ಹೆಂಗಸರು ಬಾಯಿಪಾಠ ಮಾಡಬೇಕು: ಹಸಿಯದಿರಲಿ, ಬೇಯಿಸಿದ್ದಿರಲಿ, ಎರಡೂ ಮಾಂಸವೇ. ಮನೆಯಲ್ಲಿ ಸಿಕ್ಕರೆ ಅದು ಅಕ್ರಮವಾಗಿ ಬಂದದ್ದಲ್ಲವೆಂದು ರುಜುವಾತು ಮಾಡುವ ಹೊಣೆಯೂ ಸಿಕ್ಕಿಬಿದ್ದವರದೇ. 2022ರ ತಿದ್ದುಪಡಿಯ ಪ್ರಕಾರ ಸಾಮಾನ್ಯ ಅಪರಾಧಕ್ಕೆ ಮೂರು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಹೆಚ್ಚಿನ ರಕ್ಷಣೆಯ ಪ್ರಾಣಿಗಳಾದರೆ ಇನ್ನೂ ಕಠಿಣ. ಗಂಡಸರು ಕಾಡಿನಲ್ಲಿ ಮಾಡಿದ್ದು ಒಗ್ಗರಣೆ ಬೀಳುವ ಹೊತ್ತಿಗೆ ನಮ್ಮ ಕೈಯದಾಗಿರುತ್ತದೆ. ತಂದವರು ಜಗಲಿಯಲ್ಲಿ ಕತೆ ಹೇಳುತ್ತ ಕೂತಿರುತ್ತಾರೆ, ಮಸಾಲೆ ಅರೆಯುವವಳ ಮುಂದೆ ಪಾತ್ರೆ ಇರುತ್ತದೆ.

ಇದು ಹೊಸತೇನಲ್ಲ. ನಮ್ಮ ಪುರಾಣಗಳನ್ನೇ ನೋಡಿ. ಪಾಂಡು ಮಹಾರಾಜ ಜಿಂಕೆಯ ರೂಪದಲ್ಲಿ ಕೂಡಿದ್ದ ಋಷಿಗೆ ಬಾಣ ಬಿಟ್ಟು ಶಾಪ ಪಡೆದ. ಬಾಣ ಬಿಟ್ಟವನು ಒಂದು ದಿನ ಸತ್ತುಹೋದ. ಮಾದ್ರಿ ಚಿತೆಯೇರಿದಳು, ಕುಂತಿ ಐದು ಮಕ್ಕಳನ್ನು ಕಟ್ಟಿಕೊಂಡು ದಾಯಾದಿಗಳ ಮನೆ ಬಾಗಿಲಿಗೆ ಬಂದಳು. ದಶರಥ ಕತ್ತಲಲ್ಲಿ ನೀರಿನ ಸದ್ದು ಕೇಳಿ ಪ್ರಾಣಿಯೆಂದು ಹೊಡೆದದ್ದು ಕುರುಡು ತಂದೆತಾಯಿಗಳ ಒಬ್ಬನೇ ಮಗನನ್ನು. ಕಾಡಿಗೆ ಹೋದವರು ತಮ್ಮ ಜೊತೆಗಾರನನ್ನೇ ಪ್ರಾಣಿಯೆಂದು ತಿಳಿದು ಗುಂಡು ಹಾರಿಸಿದ ಸುದ್ದಿ ಇಂದೂ ಪತ್ರಿಕೆಗಳಲ್ಲಿ ಬರುತ್ತದೆ. ಆದರೂ ಜಿಂಕೆಯ ಕತೆಯೆಂದರೆ ಜನಕ್ಕೆ ನೆನಪಾಗುವುದು ಸೀತೆ ಮಾತ್ರ. ಅವಳು ಬೇಡಿದ್ದರಿಂದಲೇ ಎಲ್ಲ ಅನರ್ಥವಾಯಿತಂತೆ!

ಬಂದೂಕಿನವರ ಪರವಾಗಿ ಮೂರು ವಾದಗಳಿವೆ. ಒಂದು, ಬೆಳೆಯ ಹಾನಿ. ಇದನ್ನು ನಾನು ತಳ್ಳಿಹಾಕುವುದಿಲ್ಲ. ಕಾಡಂಚಿನ ಗದ್ದೆಯಲ್ಲಿ ತೆನೆ ತುಂಬಿದ ಭತ್ತ ಒಂದೇ ರಾತ್ರಿಗೆ ಹೋದರೆ ಅಳುವವಳು ನಮ್ಮಂಥ ಹೆಣ್ಣೇ. ಅರಣ್ಯ ಇಲಾಖೆಯಿಂದ ಬೆಳೆಹಾನಿಗೆ ಪರಿಹಾರ ಸಿಗುವ ವ್ಯವಸ್ಥೆಯಿದೆ. ಅದು ಸಾಲದೆಂದರೆ ಹೆಚ್ಚಿಸಲು, ತಡವೆಂದರೆ ಬೇಗ ಕೊಡಲು ಒಟ್ಟಾಗಿ ಕೇಳೋಣ, ನಾನೂ ಬರುತ್ತೇನೆ. ಆದರೆ ಮಾಳ ಕಟ್ಟಿ, ಡಬ್ಬ ಬಡಿದು ರಾತ್ರಿಯಿಡೀ ಗದ್ದೆ ಕಾಯುವ ರೈತ ಬೇರೆ. ಪೇಟೆಯಿಂದ ಜೀಪಿನಲ್ಲಿ ಬಂದು, ತಲೆಗೆ ಬ್ಯಾಟರಿ ಕಟ್ಟಿಕೊಂಡು, ಗದ್ದೆಯೇ ಇಲ್ಲದ ನಡುಗಾಡಿಗೆ ನುಗ್ಗುವವರು ಬೇರೆ. ಇವರು ಆ ರೈತನ ಕಣ್ಣೀರನ್ನು ಎರವಲು ತಂದು ಮಾತಾಡುತ್ತಾರೆ.

ಎರಡನೆಯದು ಅಮೆರಿಕದ ಉದಾಹರಣೆ. ಅಲ್ಲಿ ವರ್ಷವಿಡೀ ಜಿಂಕೆಯ ಜಾಡು ನೋಡಿ, ಮರಕ್ಕೆ ಕ್ಯಾಮೆರಾ ಕಟ್ಟಿ, ಸೀಜನ್ ಬಂದಾಗ ಲೈಸೆನ್ಸ್ ಪಡೆದು ಹೊಡೆಯುತ್ತಾರಂತೆ. ನಿಜವೇ. ಅಲ್ಲಿ ಬಿಳಿಬಾಲದ ಜಿಂಕೆಗಳ ಲೆಕ್ಕವೇ ಕೋಟಿಗಳಲ್ಲಿದೆ. ಅವನ್ನು ತಿನ್ನುತ್ತಿದ್ದ ತೋಳಗಳನ್ನು ಬಹುಪಾಲು ಪ್ರದೇಶಗಳಲ್ಲಿ ಹಿಂದೆಯೇ ನಿರ್ಮೂಲ ಮಾಡಿದ್ದರು. ನಮ್ಮ ಸ್ಥಿತಿ ಹಾಗಲ್ಲ. ಅಣಶಿ ಘಟ್ಟ ಹತ್ತಿದರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ದಾಂಡೇಲಿ ಅಭಯಾರಣ್ಯವಾದದ್ದು 1956ರಲ್ಲಿ, ಅಣಶಿ ರಾಷ್ಟ್ರೀಯ ಉದ್ಯಾನವಾದದ್ದು 1987ರಲ್ಲಿ, ಎರಡೂ ಸೇರಿ ಹುಲಿ ಪ್ರದೇಶವೆನಿಸಿದ್ದು 2007ರಲ್ಲಿ. ಒಂದು ಹುಲಿಗೆ ವರ್ಷಕ್ಕೆ ಜಿಂಕೆಯ ಗಾತ್ರದ ಸುಮಾರು 50 ಪ್ರಾಣಿಗಳು ಬೇಕು; ಅಷ್ಟನ್ನು ಒದಗಿಸಲು ಸುಮಾರು 500 ಪ್ರಾಣಿಗಳ ಹಿಂಡು ಉಳಿದಿರಬೇಕು ಎಂಬುದು ನಮ್ಮ ಕರ್ನಾಟಕದವರೇ ಆದ ಉಲ್ಲಾಸ ಕಾರಂತರಂಥ ವಿಜ್ಞಾನಿಗಳ ಲೆಕ್ಕ. ಕಡವೆ ಎಂಟು ತಿಂಗಳು ಹೊತ್ತು ಸಾಮಾನ್ಯವಾಗಿ ಹೆರುವುದು ಒಂದೇ ಮರಿ. ಬ್ಯಾಟರಿಯ ಬೆಳಕಿಗೆ ಹೊಳೆಯುವುದು ಎರಡು ಕಣ್ಣು ಮಾತ್ರ. ಗಬ್ಬದ್ದೋ, ಮರಿಯಿದ್ದದ್ದೋ ಎಂದು ಯಾವ ಜಾಡುಗಾರ ಆ ಗಳಿಗೆಯಲ್ಲಿ ವಿಚಾರಿಸುತ್ತಾನೆ?

ಮೂರನೆಯದು, ಹಿರಿಯರ ಪದ್ಧತಿ. ಹಿರಿಯರು ಆಡಿದ್ದರು, ಸರಿ. ಬಾಲ್ಯವಿವಾಹವನ್ನೂ ಅವರೇ ಮಾಡಿದ್ದರು. ಈ ವಾದವನ್ನು ಮುಂದೊಡ್ಡುವವರು ಸಾಮಾನ್ಯವಾಗಿ ಬೆಟ್ಟದ ಬಡವರ ಹೆಸರು ಹೇಳುತ್ತಾರೆ. ಹೇಳುವವರು ಮಾತ್ರ ಪೇಟೆಯವರು. ಜಾಡು ತೋರಿಸಲು ಕೊಪ್ಪದ ಹುಡುಗನಿಗೆ ಐನೂರೋ ಸಾವಿರವೋ ಕೊಟ್ಟು ಮುಂದೆ ಬಿಡುತ್ತಾರೆ. ಸಿಕ್ಕಿಬಿದ್ದರೆ ಜೀಪು ಇರುವವರಿಗೆ ವಕೀಲರೂ ಇರುತ್ತಾರೆ. ಹುಡುಗನಿಗೆ ಯಾರಿದ್ದಾರೆ? ನಮ್ಮ ಓಣಿಗೆ ಬಸಳೆ, ಗೆಣಸು ತರುತ್ತಿದ್ದ ಒಬ್ಬ ತಾಯಿ ಒಂದು ಮಳೆಗಾಲವಿಡೀ ಬರಲಿಲ್ಲ. ಆಮೇಲೆ ಬಂದವಳು ಬುಟ್ಟಿ ಇಳಿಸದೆಯೇ ಕೇಳಿದಳು: “ಅಮ್ಮಾ, ಜಾಮೀನು ಅಂದ್ರೆ ಎಷ್ಟು ದುಡ್ಡು ಬೇಕಾತದೆ?” ಮಗ ಜಾಡು ತೋರಿಸಲು ಹೋಗಿದ್ದ. ಮಾಂಸ ತಿಂದವರ ಮನೆಗಳೂ ಅವಳ ಗಿರಾಕಿಗಳೇ ಆಗಿದ್ದವು.

ವರ್ಷವಿಡೀ ಕಾಡನ್ನು ನೋಡುವುದಕ್ಕೆ ಇನ್ನೊಂದು ರೀತಿಯಿದೆ. ಅದೂ ಇದೇ ಅಂಕೋಲೆಯದೇ. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯವರಾಗಿ ಸೇರಿ ದಶಕಗಟ್ಟಲೆ ದುಡಿದರು. ಯಾವುದು ತಾಯಿಮರ, ಯಾವ ಬೀಜ ಯಾವ ವಾರ ಬಲಿಯುತ್ತದೆ ಎಂಬುದು ಶಾಲೆ ಮೆಟ್ಟಿಲು ಹತ್ತದ ಆ ಹಾಲಕ್ಕಿ ಹೆಣ್ಣುಮಗಳಿಗೆ ತಿಳಿದಿತ್ತು. 2021ರಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರೂ ಋತು ಕಾದರು, ಅವರೂ ನೆಲ ನೋಡಿ ನಡೆದರು. ಬರುವಾಗ ಸೆರಗಿನಲ್ಲಿ ಬೀಜವಿರುತ್ತಿತ್ತು. ಜಿಂಕೆ, ಕಾಡುಕುರಿಗಳು ಮಾಡುವುದೂ ಇಂಥದೇ ಕೆಲಸ. ನೆಲ್ಲಿಕಾಯಿ ನುಂಗಿ ಬೇರೆಡೆ ಹೋಗಿ ಮಲಗಿ, ಮೆಲುಕು ಹಾಕುವಾಗ ಗಟ್ಟಿ ಗೊರಟನ್ನು ಉಗುಳುತ್ತವೆ. ಅಲ್ಲಿ ಸಸಿ ಏಳುತ್ತದೆ. ನಾವು ಉಪ್ಪಿನಕಾಯಿ ಹಾಕುವ ಬೆಟ್ಟದ ನೆಲ್ಲಿಯಲ್ಲಿ ಅವುಗಳ ಪಾಲೂ ಇದೆ.

ಜಾಡು ಓದುವ ಕಣ್ಣಿಗೆ ನಾಡಿನಲ್ಲಿ ಕೆಲಸವಿಲ್ಲವೆಂದಲ್ಲ. 2006ರಿಂದ ನಾಲ್ಕು ವರ್ಷಕ್ಕೊಮ್ಮೆ ದೇಶದಾದ್ಯಂತ ಹುಲಿ ಗಣತಿ ನಡೆಯುತ್ತಿದೆ. ಆಗ ಅರಣ್ಯದ ಸಿಬ್ಬಂದಿ ಕಾಡಿನ ದಾರಿಗಳಲ್ಲಿ ನಡೆದು ಹೆಜ್ಜೆ, ಹಿಕ್ಕೆ, ಗೊರಸಿನ ಗುರುತುಗಳನ್ನೇ ಬರೆದುಕೊಳ್ಳುತ್ತಾರೆ. ಕೊಪ್ಪದ ಆ ಹುಡುಗನಿಗೆ ಕಾವಲುಗಾರನ ಕೆಲಸ ಸಿಕ್ಕಿದ್ದರೆ ಅವನ ವಿದ್ಯೆ ಅವನ ತಾಯಿಯ ಮನೆಗೆ ಅನ್ನ ತರುತ್ತಿತ್ತು.

ಗಂಡಸರನ್ನು ತಿದ್ದುವ ಭರವಸೆ ನನಗೆ ಹೆಚ್ಚಿಲ್ಲ. ಅಡುಗೆಮನೆಯ ಮೇಲೆ ಭರವಸೆಯಿದೆ. ನಮ್ಮ ಮನೆಯಲ್ಲಿ ನಾನು ಇದನ್ನು ಬೇಯಿಸುವುದಿಲ್ಲ. ಮೊದಲ ಸಲ ಹಾಗೆಂದಾಗ ನೆಂಟರೊಬ್ಬರು ಎರಡು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ‘ದೊಡ್ಡ ಓದಿದವಳು’ ಎಂಬ ಬಿರುದು ಬಂತು. ಅತ್ತೆಯವರು ಮಾತ್ರ ಮೆಲ್ಲಗೆ, “ನಂಗೂ ಆ ವಾಸನೆ ಆಗಬರೂದಿಲ್ಲಾಗಿತ್ತು” ಎಂದರು. ನಲವತ್ತು ವರ್ಷ ಅವರನ್ನು ಯಾರೂ ಕೇಳಿರಲಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ರಾತ್ರಿ ಹತ್ತರ ಮೇಲೆ ಹಿತ್ತಲ ಬಾಗಿಲಿಗೆ ಬಾಳೆಲೆಯ ಪೊಟ್ಟಣವೋ ಸ್ಟೀಲ್ ಡಬ್ಬವೋ ಬಂದರೆ, ‘ಏನಿದು, ಎಲ್ಲಿಯದು’ ಎಂದು ಜಗಲಿಯವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿ. ಉತ್ತರ ತಡವರಿಸಿದರೆ ತಂದವರ ಕೈಯಲ್ಲೇ ವಾಪಸು ಕೊಡಿ. ಪಕ್ಕದ ಮನೆಯಾಕೆಗೂ ಹೇಳಿಡಿ. ಒಬ್ಬಳೇ ಹೇಳಿದರೆ ಹಟಮಾರಿ ಎನ್ನುತ್ತಾರೆ, ಓಣಿಯ ಹತ್ತು ಮಂದಿ ಹೇಳಿದರೆ ಬೇಯಿಸುವವರು ಸಿಗದೆ ಒಯ್ಯುವವರೂ ಕಡಿಮೆಯಾಗುತ್ತಾರೆ. ಮಗ ಮಾವನೊಂದಿಗೆ ಜಾಡು ನೋಡಲು ಹೊರಟರೆ ಹಗಲು ಹೊತ್ತು, ದಾರಿಯಿರುವಲ್ಲಿ, ಬರಿಗೈಲಿ ಹೋಗಿಬಾ ಎನ್ನಿ. ಬಂದ ಮೇಲೆ ಏನೇನು ಕಂಡ ಎಂದು ಕೂರಿಸಿಕೊಂಡು ಕೇಳಿ.