ಹಳೆಯ ಮಂಗಳೂರಿನ ಕೇರಿಗಳೂ ನಮ್ಮ ಮನೆಬಾಗಿಲುಗಳೂ

ಮಂಗಳೂರು ಎಂಬ ಒಂದೇ ಊರಿಗೆ ಅದರ ನಿವಾಸಿಗಳು ಇಟ್ಟುಕೊಂಡಿರುವ ಹೆಸರುಗಳು ಹಲವು. ತುಳುವರಿಗೆ ಇದು ಕುಡ್ಲ, ಕೊಂಕಣಿ ಮಾತೃಭಾಷೆಯವರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಮಲಯಾಳಿಗಳಿಗೆ ಮಂಗಳಾಪುರ. ಇವುಗಳಲ್ಲಿ ಯಾವುದೂ ಇನ್ನೊಂದನ್ನು ಅಳಿಸಿಹಾಕಿಲ್ಲ. ಹಳೆಯ ಪೇಟೆಯಲ್ಲಿ ಸ್ವಲ್ಪ ಹೊತ್ತು ಕಾಲ್ನಡಿಗೆಯಲ್ಲಿ ತಿರುಗಾಡಿದರೆ ಈ ಎಲ್ಲ ಹೆಸರುಗಳನ್ನೂ ಕಿವಿಯಾರೆ ಕೇಳಬಹುದು. ಆದರೆ ಹಾಗೆ ತಿರುಗಾಡುವವರು ನಮ್ಮ ಕಥೋಲಿಕ ಕುಟುಂಬಗಳಲ್ಲಿ ಎಷ್ಟು ಮಂದಿ ಉಳಿದಿದ್ದಾರೆಂಬುದೇ ಈ ವಾರದ ನಮ್ಮ ಚಿಂತನೆಯ ವಿಷಯವಾಗಿದೆ.

ಪರವೂರಿನಿಂದ ನೆಂಟರು ಬಂದಾಗ ನಾವು ಅವರನ್ನು ಮೊದಲು ಕರೆದೊಯ್ಯುವುದು ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯಕ್ಕೆ. ಇಟಲಿಯ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿಯವರು 1899ರಿಂದ 1901ರವರೆಗೆ ಅದರ ಗೋಡೆ ಮಾಳಿಗೆಗಳ ಮೇಲೆ ಬಿಡಿಸಿದ ಚಿತ್ರಗಳನ್ನು ತೋರಿಸುವುದು ತಕ್ಕದ್ದೇ. ಆದರೆ ಆ ಪ್ರಾರ್ಥನಾಲಯ ನಿಂತಿರುವ ಗುಡ್ಡೆಯನ್ನು ಬಾವುಟಗುಡ್ಡೆ ಎಂದು ಏಕೆ ಕರೆಯುತ್ತಾರೆಂದು ನೆಂಟರ ಮಗುವೊಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಡವರಿಸುತ್ತೇವೆ. 1837ರಲ್ಲಿ ಕಂಪೆನಿ ಸರಕಾರದ ವಿರುದ್ಧ ದಂಗೆಯೆದ್ದ ರೈತರು ಮಂಗಳೂರನ್ನು ಕೆಲವು ದಿನಗಳ ಕಾಲ ವಶಪಡಿಸಿಕೊಂಡು ತಮ್ಮ ಬಾವುಟವನ್ನು ಹಾರಿಸಿದ್ದು ಅಲ್ಲಿಯೇ. ಚಿತ್ರಗಳನ್ನು ನೋಡಿ ಕಾರು ಹತ್ತುವವರಿಗೆ ಗುಡ್ಡೆಯಿಂದ ಪಶ್ಚಿಮಕ್ಕೆ ಇಳಿದು ನದಿಯ ಕಡೆಗೆ ನಡೆಯುವ ವ್ಯವಧಾನವಿಲ್ಲ.

ಆ ಇಳಿಜಾರಿನಲ್ಲಿಯೇ ಹಂಪನಕಟ್ಟೆಯಿದೆ. ಅಲ್ಲಿರುವ ಮಿಲಾಗ್ರಿಸ್ ಇಗರ್ಜಿಯನ್ನು ಬಿಷಪ್ ತೊಮಾಸ್ ಡಿ ಕ್ಯಾಸ್ಟ್ರೊ ಅವರು ಸ್ಥಾಪಿಸಿದ್ದು 1680ರಲ್ಲಿ, ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಯ ಕಾಲದಲ್ಲಿ. ಇನ್ನೂ ಕೆಳಗೆ, ಬಂದರಿನ ಸಮೀಪದಲ್ಲಿ, ರೊಜಾರಿಯೊ ಪ್ರಧಾನಾಲಯ. ಇದರ ಮೂಲ 1568ರಷ್ಟು ಹಿಂದಿನದು, ಪೋರ್ಚುಗೀಸರ ಕಾಲದ್ದು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಅದು ನೆಲಸಮವಾಯಿತು. ನಮ್ಮ ಪೂರ್ವಜರು ಶ್ರೀರಂಗಪಟ್ಟಣಕ್ಕೆ ಸೆರೆಯಾಳುಗಳಾಗಿ ನಡೆದರು. 1799ರ ನಂತರ ಬದುಕುಳಿದವರು ಮರಳಿ ಬಂದರು. 1813ರಲ್ಲಿ ಇಗರ್ಜಿಯನ್ನು ಪುನಃ ಕಟ್ಟಿದರು. 1887ರಲ್ಲಿ ಮಂಗಳೂರು ಧರ್ಮಪ್ರಾಂತ್ಯದ ಸ್ಥಾಪನೆಯಾಯಿತು. ಇಷ್ಟನ್ನು ಧರ್ಮೋಪದೇಶದ ತರಗತಿಯ ಮಕ್ಕಳೂ ಹೇಳಬಲ್ಲರು.

ಅವರು ಹೇಳಲಾರದ ಸಂಗತಿ ಇನ್ನೊಂದಿದೆ. ರೊಜಾರಿಯೊದಿಂದ ಒಂದು ಮೈಲಿಗೂ ಕಡಿಮೆ ದೂರದಲ್ಲಿ ರಥಬೀದಿಯಿದೆ. ಶ್ರೀ ವೆಂಕಟರಮಣ ದೇವಸ್ಥಾನದ ಸುತ್ತ ಗೌಡ ಸಾರಸ್ವತರ ಮನೆಗಳು, ಅಂಗಡಿಗಳು, ರಥಸಪ್ತಮಿಯಂದು ಕೊಡಿಯಾಲ್ ತೇರು. ಅಲ್ಲಿಯ ಅಜ್ಜಿ ಮೊಮ್ಮಗನನ್ನು ಗದರಿಸುವ ಭಾಷೆಯೂ ನಮ್ಮ ಅಜ್ಜಿಯಂದಿರು ಗದರಿಸುವ ಭಾಷೆಯೂ ಒಂದೇ. ಉಚ್ಚಾರಣೆಯಲ್ಲಿ, ಕೆಲವು ಶಬ್ದಗಳಲ್ಲಿ ವ್ಯತ್ಯಾಸವಿದೆ, ಅಷ್ಟೇ. ಅವರ ಪೂರ್ವಜರೂ ನಮ್ಮ ಪೂರ್ವಜರೂ ಗೋವೆಯಿಂದಲೇ ದಕ್ಷಿಣಕ್ಕೆ ಬಂದವರು. ಅವರಲ್ಲಿ ಬಹುಮಂದಿ ಪೋರ್ಚುಗೀಸರ ಮತಾಂತರದ ಒತ್ತಾಯಕ್ಕೆ ಒಪ್ಪದೆ ತಮ್ಮ ದೇವರುಗಳನ್ನು ಹೊತ್ತುಕೊಂಡು ಹೊರಟರು. ನಮ್ಮವರು ದೀಕ್ಷಾಸ್ನಾನ ಪಡೆದ ಮೇಲೆಯೂ ಕ್ಷಾಮ, ಯುದ್ಧ, ಧರ್ಮವಿಚಾರಣಾ ಮಂಡಳಿಯ ಭಯ ಮುಂತಾದ ಕಾರಣಗಳಿಂದ ಅದೇ ದಾರಿಯನ್ನು ಹಿಡಿದರು. ಇಗರ್ಜಿಯಿಂದ ದೂರ ಓಡಿದವರೂ ಇಗರ್ಜಿಯನ್ನು ಜೊತೆಗೆ ತಂದವರೂ ಕೊನೆಗೆ ಒಂದೇ ಪೇಟೆಯ ಎರಡು ಬೀದಿಗಳಲ್ಲಿ ಬಂದು ನೆಲೆಸಿ ಒಂದೇ ಭಾಷೆಯಲ್ಲಿ ಅಕ್ಕಿಯ ದರವನ್ನು ಚರ್ಚಿಸಿದರು. ಈ ವಿಚಿತ್ರವನ್ನು ಯಾವ ಪಠ್ಯಪುಸ್ತಕವೂ ನಮ್ಮ ಮಕ್ಕಳಿಗೆ ಹೇಳುವುದಿಲ್ಲ. ಬೀದಿಯಲ್ಲಿ ನಡೆದರೆ ಮಾತ್ರ ತಿಳಿಯುತ್ತದೆ.

ಇನ್ನು ಬಂದರು. ಇಲ್ಲಿನ ದಾರಿಗಳು ಕಿರಿದು, ಗೋದಾಮುಗಳು ದೊಡ್ಡವು. ಕಂದಕ ಎಂಬ ಜಾಗದ ಹೆಸರೇ ಹಿಂದಿನ ಕೋಟೆಯನ್ನು ನೆನಪಿಸುತ್ತದೆ. ಬ್ಯಾರಿ ವರ್ತಕರು, ಗುಜರಾತಿನಿಂದಲೂ ಕಚ್ಛದಿಂದಲೂ ಬಂದ ವ್ಯಾಪಾರಿಗಳು, ಮೊಗವೀರರು ಎಲ್ಲರೂ ಇಲ್ಲಿ ದುಡಿದವರು. ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಮಂಜಿಗಳು ಇಲ್ಲಿಂದಲೇ ಹೊರಡುತ್ತವೆ. 1970ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಆರಂಭವಾದ ಮೇಲೆ ದೊಡ್ಡ ಹಡಗುಗಳ ವ್ಯಾಪಾರ ಅತ್ತ ಸರಿಯಿತು; ಹಳೆಯ ದಕ್ಕೆಯಲ್ಲಿ ಮೀನಿನ ದೋಣಿಗಳು ಉಳಿದವು. ಇಲ್ಲಿಯ ಝೀನತ್ ಬಕ್ಷ್ ಮಸೀದಿಯನ್ನು ಮಾಲಿಕ್ ದೀನಾರರ ಕಾಲದ್ದೆಂದು ಪರಂಪರೆ ಹೇಳುತ್ತದೆ. ಅದನ್ನು ಟಿಪ್ಪು ಸುಲ್ತಾನನು ನವೀಕರಿಸಿದನೆಂಬ ಮಾತೂ ಇದೆ. ಅದರ ಒಳಗಿನ ಮರದ ಕೆತ್ತನೆ ನೋಡತಕ್ಕದ್ದು. ಒಬ್ಬನೇ ಸುಲ್ತಾನನ ಹೆಸರನ್ನು ಒಂದು ಬೀದಿಯಲ್ಲಿ ಒಂದು ಧ್ವನಿಯಲ್ಲಿ, ಪಕ್ಕದ ಬೀದಿಯಲ್ಲಿ ಬೇರೊಂದು ಧ್ವನಿಯಲ್ಲಿ ಉಚ್ಚರಿಸುತ್ತಾರೆ. ಆದರೂ ಎರಡೂ ಬೀದಿಗಳ ಜನ ಮೀನು ಕೊಳ್ಳುವುದು ತುಳುವಿನಲ್ಲಿಯೇ.

ಬಲ್ಮಠ ಮತ್ತು ಜೆಪ್ಪು ಹಳೆಯ ಪೇಟೆಯ ಅಂಚಿನವು. 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರು ನಮ್ಮ ಮತದವರಲ್ಲ, ಪ್ರೊಟೆಸ್ಟೆಂಟರು. ಆದರೆ 1843ರಲ್ಲಿ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ವೃತ್ತಪತ್ರಿಕೆ. 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಅಚ್ಚಾದದ್ದೂ ಇಲ್ಲಿನ ಮಿಶನ್ ಮುದ್ರಣಾಲಯದಲ್ಲಿಯೇ. 1865ರಲ್ಲಿ ಅವರು ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆ ಈ ಊರಿನ ಹೆಸರನ್ನು ಸಮುದ್ರದಾಚೆಗೂ ಮುಟ್ಟಿಸಿತು.

ಜೆಪ್ಪುವಿನ ಸೆಮಿನರಿಯಲ್ಲಿ ತತ್ತ್ವಶಾಸ್ತ್ರವನ್ನು ಓದುತ್ತಿದ್ದ ದಿನಗಳಲ್ಲಿ ನಮಗೆ ಅರಿಸ್ಟಾಟಲನ ‘ಪಾಲಿಟಿಕ್ಸ್’ ಗ್ರಂಥದ ಎರಡನೆಯ ಭಾಗ ಶುಷ್ಕವಾಗಿ ಕಂಡಿತ್ತು. ನಗರವು ಎಷ್ಟು ಏಕವಾದರೆ ಅಷ್ಟು ಒಳ್ಳೆಯದೆಂಬ ಪ್ಲೇಟೋನ ವಾದವನ್ನು ಅರಿಸ್ಟಾಟಲ್ ಅಲ್ಲಿ ಖಂಡಿಸುತ್ತಾನೆ. ನಗರವು ಸ್ವಭಾವತಃ ಬಹುತ್ವವುಳ್ಳದ್ದು. ಒಂದೇ ಬಗೆಯ ಜನರಿಂದ ನಗರವಾಗುವುದಿಲ್ಲ. ಏಕತೆಯನ್ನು ಮಿತಿಮೀರಿ ಬಲಪಡಿಸಿದರೆ ಅದು ನಗರವಾಗಿ ಉಳಿಯುವುದಿಲ್ಲ ಎಂಬುದು ಆತನ ತರ್ಕ. ಹಳೆಯ ಮಂಗಳೂರನ್ನು ನೋಡಿದವರಿಗೆ ಈ ತರ್ಕಕ್ಕೆ ಬೇರೆ ಉದಾಹರಣೆ ಬೇಕಾಗಿಲ್ಲ. ಹೆಂಚು ಮಾಡುವವರಿಗೆ ದೋಣಿಯವರು ಬೇಕಾಗಿದ್ದರು, ದೋಣಿಯವರಿಗೆ ಸಾಲ ಕೊಡುವ ವರ್ತಕರು ಬೇಕಾಗಿದ್ದರು, ವರ್ತಕರ ಮಕ್ಕಳಿಗೆ ಶಾಲೆ ಬೇಕಾಗಿತ್ತು. ಕೇರಿಗಳು ಭಿನ್ನವಾಗಿದ್ದುವು, ಆದರೆ ಬೇರ್ಪಟ್ಟಿರಲಿಲ್ಲ. ಭಿನ್ನತೆಯೂ ಬೇರ್ಪಡೆಯೂ ಒಂದೇ ಅಲ್ಲ. ಆ ಕೇರಿಗಳಲ್ಲಿ ಜಾತಿಯ ಮೇಲುಕೀಳು ಇರಲಿಲ್ಲವೆಂದು ನಾವು ಹೇಳುತ್ತಿಲ್ಲ. ಬೀದಿಯ ಬಾವಿಯ ನೀರನ್ನೇ ಕೆಲವರಿಗೆ ನಿರಾಕರಿಸಿದ ಕಾಲವದು. ದಲಿತರ ಮಕ್ಕಳಿಗಾಗಿ ಶಾಲೆ ತೆರೆದ ಕುದ್ಮಲ್ ರಂಗರಾಯರು ತಮ್ಮವರಿಂದಲೇ ಬಹಿಷ್ಕಾರಕ್ಕೆ ಒಳಗಾಗಬೇಕಾಯಿತು.

ಈಗ ನಮ್ಮ ಮನೆಗಳ ವಿಷಯಕ್ಕೆ ಬರೋಣ. ಹಳೆಯ ಪೇಟೆಯ ಹೆಂಚಿನ ಮನೆಗಳನ್ನು ಮಾರಿ ನಮ್ಮವರು ಬಹುಮಹಡಿ ಕಟ್ಟಡಗಳಿಗೆ ಹೋಗುತ್ತಿದ್ದಾರೆ. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿಯೋ ಕೆನಡಾದಲ್ಲಿಯೋ ಇರುವಾಗ ವೃದ್ಧ ತಂದೆತಾಯಿಗಳು ಸೋರುವ ಮಾಡಿನ ಕೆಳಗೆ ಏಕೆ ಇರಬೇಕು? ಮಾರುವುದು ಪಾಪವಲ್ಲ. ನಮ್ಮನ್ನು ಕಾಡುವುದು ಮಾರುವಾಗಲೂ ಬಾಡಿಗೆಗೆ ಕೊಡುವಾಗಲೂ ದಲ್ಲಾಳಿಯ ಕಿವಿಯಲ್ಲಿ ಹೇಳುವ ಷರತ್ತು. ‘ನಮ್ಮವರಿದ್ದರೆ ಮಾತ್ರ ಹೇಳಿ’, ‘ಇಂಥವರು ಬೇಡ’. ಒಂದೇ ವಾರದಲ್ಲಿ ನಾವು ಎರಡು ಮಾತುಗಳನ್ನು ಕೇಳಿದ್ದುಂಟು. ಒಂದು ಕುಟುಂಬ, ಮಾಂಸಾಹಾರಿಗಳೆಂಬ ಕಾರಣಕ್ಕೆ ತಮಗೆ ಬಾಡಿಗೆ ಮನೆ ಸಿಗಲಿಲ್ಲವೆಂದು ನೊಂದುಕೊಂಡಿತು. ಇನ್ನೊಂದು ಕುಟುಂಬ, ತಮ್ಮ ಮಹಡಿಯನ್ನು ಮುಸ್ಲಿಂ ಶಿಕ್ಷಕರೊಬ್ಬರಿಗೆ ಕೊಡದಿದ್ದುದನ್ನು ಜಾಣತನವೆಂಬಂತೆ ವರ್ಣಿಸಿತು. ಎರಡೂ ಕುಟುಂಬಗಳು ಆದಿತ್ಯವಾರ ಒಂದೇ ಪೀಠದ ಮುಂದೆ ಮೊಣಕಾಲೂರುವವರು.

ಭಯವಿದೆ ಎನ್ನುವವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. 2008ರ ಸೆಪ್ಟೆಂಬರ್ 14ರಂದು ಮಿಲಾಗ್ರಿಸ್ ಬಳಿಯ ಧರ್ಮಭಗಿನಿಯರ ಆರಾಧನಾ ಮಠದ ಮೇಲೆ ನಡೆದ ದಾಳಿಯನ್ನು ಮರೆಯಿರೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ನೆರೆಯವನ ಮುಖಪರಿಚಯವೇ ಇಲ್ಲದ ಬಡಾವಣೆಯಲ್ಲಿ ಭಯ ಕಡಿಮೆಯಾಗುತ್ತದೆಂಬುದಕ್ಕೆ ಆಧಾರವೇನು? ಸೆರೆಯಿಂದ ಮರಳಿದ ನಮ್ಮ ಹಿರಿಯರಿಗೆ ನಮಗಿಂತ ಹೆಚ್ಚಿನ ಭಯಕಾರಣವಿತ್ತು. ಅವರು ಊರ ಹೊರಗೆ ಗೋಡೆ ಕಟ್ಟಿಕೊಂಡು ಕೂರಲಿಲ್ಲ. ಬಂದರಿನ ಮಗ್ಗುಲಲ್ಲಿಯೇ, ಹಳೆಯ ನೆರೆಹೊರೆಯ ನಡುವೆಯೇ ಇಗರ್ಜಿಯನ್ನು ಮತ್ತೆ ಎಬ್ಬಿಸಿದರು.

ಆದುದರಿಂದ ಧರ್ಮೋಪದೇಶದ ಶಿಕ್ಷಕರಲ್ಲಿಯೂ ತಂದೆತಾಯಿಗಳಲ್ಲಿಯೂ ನಮ್ಮ ಬಿನ್ನಹ ಇಷ್ಟೇ: ವರ್ಷಕ್ಕೆ ಒಂದೆರಡು ಸಲವಾದರೂ ಮಕ್ಕಳನ್ನು ಹಳೆಯ ಪೇಟೆಗೆ ನಡೆಸಿಕೊಂಡು ಹೋಗಿರಿ. ರೊಜಾರಿಯೊದಲ್ಲಿ ಬಲಿಪೂಜೆ ಮುಗಿಸಿ ರಥಬೀದಿಗೆ, ಅಲ್ಲಿಂದ ಬಂದರಿಗೆ ಹೋದರೆ ಬಿಸಿಲೇರುವ ಮುಂಚೆ ಮನೆ ಸೇರಬಹುದು. ದೇವಸ್ಥಾನಕ್ಕೂ ಮಸೀದಿಗೂ ಹೋಗುವುದಾದರೆ ಮುಂಚಿತವಾಗಿ ಅನುಮತಿ ಕೇಳಿರಿ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತು ಬೇಡ. ಬಂದರಿನ ಗೋದಾಮುಗಳಲ್ಲಿ ಕೆಲಸ ನಡೆಯುವುದನ್ನು ತೋರಿಸಬೇಕಿದ್ದರೆ ಆದಿತ್ಯವಾರ ಬಿಟ್ಟು ಶಾಲೆಗೆ ರಜೆಯಿರುವ ಬೇರೊಂದು ದಿನವನ್ನು ಆರಿಸಿಕೊಳ್ಳಬೇಕು. ದಕ್ಕೆಗೆ ಹೋಗುವವರು ಬೆಳಕು ಹರಿಯುವಾಗಲೇ ಹೊರಡಬೇಕು. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಮೀನಿನ ಏಲಂ ಕಾಣಸಿಗದು. ದಡದಲ್ಲಿ ಸಾಲಾಗಿ ಕಟ್ಟಿಹಾಕಿದ ದೋಣಿಗಳನ್ನೂ ಬಲೆ ಹೊಲಿಯುವವರನ್ನೂ ಕಾಣಬಹುದು. ಅವರು ಮಕ್ಕಳ ಪ್ರಶ್ನೆಗಳಿಗೆ ಸಮಾಧಾನದಿಂದ ಉತ್ತರ ಕೊಡುತ್ತಾರೆ.