ಮಂಗಳೂರು ಟ್ರಿಪ್ಪಿಗೆ ಹೊರಟ ಗೆಳೆಯರಿಗೆ

ರಜೆ ಬಂತು ಅಂದ್ರೆ ಸಾಕು, ರೀಲ್ಸ್ ತುಂಬಾ ಮಂಗಳೂರು. ಬೆಳಿಗ್ಗೆ ನೀರುದೋಸೆ, ಸಂಜೆ ಪಣಂಬೂರು ಬೀಚು, ಮರುದಿನ ಕುದುರೆಮುಖ ಟ್ರೆಕ್ಕಿಂಗ್. ಕ್ಯಾಪ್ಷನ್ನು: "ಮನುಷ್ಯರೇ ಮುಟ್ಟದ ಪ್ರಕೃತಿ."

ಮನುಷ್ಯರೇ ಮುಟ್ಟದ್ದಾ? ಹಾಗಾದ್ರೆ ತಲೆಮಾರುಗಳಿಂದ ಆ ಕಾಡಲ್ಲಿ ಜೇನು, ಸೀಗೆ ಸಂಗ್ರಹಿಸಿ ಬದುಕಿದ ಮಲೆಕುಡಿಯರು ಯಾರು ಸ್ವಾಮಿ?

1987ರಲ್ಲಿ ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು. ಆವಾಗ ಅದೇ ಬೆಟ್ಟದಲ್ಲಿ ಸರ್ಕಾರಿ ಕಂಪನಿಯ ಗಣಿಗಾರಿಕೆ ಭರ್ಜರಿಯಾಗಿ ನಡೀತಿತ್ತು. ಅಗೆದ ಅದಿರು ಸುಮಾರು 67 ಕಿಲೋಮೀಟರ್ ಪೈಪ್‌ಲೈನಲ್ಲಿ ಹರಿದು ಬಂದಿದ್ದು ಪಣಂಬೂರಿಗೇ. ನೀವು ಸೂರ್ಯಾಸ್ತದ ಫೋಟೋ ತೆಗೆಯೋ ಬೀಚಿನ ಪಕ್ಕದ ಬಂದರಿಗೇ! ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ಗಣಿ ನಿಂತಿತು. ಬೆಟ್ಟ ಬಗೆದ ಕಂಪನಿಗೆ ಪೈಪ್‌ಲೈನು, ಅಣೆಕಟ್ಟು, ಟೌನ್‌ಶಿಪ್ಪು. ಕಾಡು ಉಳಿಸಿದ ಮಲೆಕುಡಿಯರಿಗೆ ಮಾತ್ರ ರಸ್ತೆ ಕೇಳಿದ್ರೆ, ಕರೆಂಟು ಕೇಳಿದ್ರೆ ಅರಣ್ಯ ಕಾನೂನು ಅಡ್ಡ ಬರುತ್ತೆ. 2006ರ ಅರಣ್ಯ ಹಕ್ಕು ಕಾಯ್ದೆ ಇವರಿಗಲ್ಲದೆ ಇನ್ಯಾರಿಗೆ?

ಇನ್ನು ಊರೊಳಗೆ ಬನ್ನಿ. ಕುತ್ತಾರಿನ ಕೊರಗಜ್ಜನ ಕಟ್ಟೆಗೆ ಈಗ ಕಾರುಗಳ ಸಾಲು. ಕಳೆದುಹೋದ ವಸ್ತು ಸಿಗಲಿ ಅಂತ ಚಕ್ಕುಲಿ, ವೀಳ್ಯದ ಹರಕೆ. ಅಜ್ಜ ದೈವ, ಸರಿ. ಅಜ್ಜನ ಮಕ್ಕಳು? ಕೂದಲು, ಉಗುರು ಬೆರೆಸಿದ ಅನ್ನವನ್ನು ಇದೇ ಕೊರಗರಿಗೆ ತಿನ್ನಿಸ್ತಿದ್ದ ಅಜಲು ಪದ್ಧತಿ ನಿಷೇಧಿಸೋಕೆ 2000ನೇ ಇಸವಿಯಲ್ಲಿ ಒಂದು ಪ್ರತ್ಯೇಕ ಕಾನೂನೇ ಬೇಕಾಯ್ತು. ನೀವು ವಿಡಿಯೋ ಮಾಡೋ ಕಂಬಳದ ಹಿಂದಿನ ರಾತ್ರಿ, ಚಳಿಯಲ್ಲಿ ಗದ್ದೆ ಬದಿ ಕೂತು ಡೋಲು ಬಾರಿಸಬೇಕಾಗಿದ್ದವರೂ ಇವರೇ. ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಿ ಅಂತ ಮಹಮ್ಮದ್ ಪೀರ್ ವರದಿ ಹೇಳಿತ್ತು. ಅದನ್ನ ಜಾರಿ ಮಾಡಿ ಅಂತ ಕೊರಗರು ಇವತ್ತಿಗೂ ಹೋರಾಡ್ತಾ ಇದ್ದಾರೆ. ನಿಮ್ಮ ಕಳೆದ ಉಂಗುರಕ್ಕೆ ಹರಕೆ ಇದೆ. ಕೊರಗರು ಕಳಕೊಂಡ ಭೂಮಿಗೆ ಹರಕೆ ಹೊರೋರು ಯಾರು?

"ಪ್ರವಾಸಕ್ಕೂ ಜಾತಿ ತರ್ತೀರಲ್ಲಾ" ಅಂತ ಕಮೆಂಟ್ ಬರುತ್ತೆ, ಗೊತ್ತು. ನಾವು ತರಲಿಲ್ಲ ಸ್ವಾಮಿ. ಅದು ನೀವು ಹೋಗೋಕೆ ಮುಂಚೆಯೇ ಅಲ್ಲಿತ್ತು. ಯಾರ ದೈವ ಬೇಕು, ಯಾರ ಡೋಲು ಬೇಕು, ಆದರೆ ಯಾರು ಬೇಡ ಅನ್ನೋದನ್ನ ತೀರ್ಮಾನ ಮಾಡಿದ್ದೇ ಜಾತಿ.

ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಹೋಗಿ. 1897ರಲ್ಲೇ ಈ ಊರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರ ಹೆಸರಿನ ಪುರಭವನವನ್ನೂ ನೋಡಿ. ಕೊರಗರು ಹೆಣೆದ ಬುಟ್ಟಿಯನ್ನ ಚೌಕಾಸಿ ಮಾಡದೆ ಕೊಳ್ಳಿ. ಬೆಟ್ಟದ ಫೋಟೋ ಹಾಕುವಾಗ ಮಲೆಕುಡಿಯರ ಹೆಸರನ್ನೂ ಬರೀರಿ. ವಾಪಸ್ ಬಂದ ಮೇಲೆ ಅರಣ್ಯ ಹಕ್ಕುಪತ್ರಕ್ಕೆ, ಪೀರ್ ವರದಿ ಜಾರಿಗೆ ನಮ್ಮ ಜೊತೆ ದನಿಗೂಡಿಸಿ.

ಕಡಲು, ಕಾಡು ಯಾರಪ್ಪನ ಮನೆಯ ಆಸ್ತಿಯೂ ಅಲ್ಲ. ಅದನ್ನ ಕಾಪಾಡಿಕೊಂಡು ಬಂದವರನ್ನ ಫೋಟೋದಿಂದ ಅಳಿಸಿ ಹಾಕೋ ಹಕ್ಕು ಯಾರಿಗೂ ಇಲ್ಲ.

ಜೈ ಭೀಮ್.