ರೈತನ ಕೈಗೊಂದು ಲೆಕ್ಕದ ಪುಸ್ತಕ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ, ಇಲ್ಲಿ ಅಕ್ಷರ ಕಲಿತ ಅನೇಕರ ಮನೆತನದ ಕಸುಬಾದ ಬೇಸಾಯದ ಬಗೆಗೆ ಎರಡು ಮಾತು ಹೇಳಬಯಸುತ್ತೇನೆ.

ರಾಗಿ, ಹುರುಳಿ, ಅವರೆಗಳ ಸೀಮೆಯಾದ ಹೊಸೂರು, ಡೆಂಕಣಿಕೋಟೆಗಳಲ್ಲಿ ಇಂದು ಗುಲಾಬಿ, ಟೊಮ್ಯಾಟೊ, ಕೋಸುಗಳೂ ಹೇರಳವಾಗಿ ಬೆಳೆಯುತ್ತಿವೆ. ಹೊಸೂರಿನ ಗುಲಾಬಿ ಕಡಲಾಚೆಗೂ ಹೋಗುತ್ತದೆ. ಈ ಏಳಿಗೆ ಸಂತೋಷದ ಸಂಗತಿಯೇ. ಆದರೆ ಇದಕ್ಕಾಗಿ ನೆಲ ಜಲಗಳಿಂದ ನಾವು ಪಡೆಯುತ್ತಿರುವ ಸಾಲವೆಷ್ಟು ಎಂದು ಲೆಕ್ಕವಿಟ್ಟವರು ವಿರಳ.

ಪರಿಸರ ಉಳಿಸಬೇಕೆಂಬ ಉಪದೇಶ ರೈತನಿಗೆ ಸಾಕಷ್ಟಾಗಿದೆ, ಬೇಕಾಗಿರುವುದು ಅಳತೆ. ತಮಿಳುನಾಡಿನಲ್ಲಿ 1990ರಿಂದ ರೈತರ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಇದು ಬಡ ರೈತನನ್ನು ಬದುಕಿಸಿತು, ನಿಜ. ಆದರೆ ಬಿಲ್ಲಿನೊಡನೆ ನೀರಿನ ಅಂದಾಜೂ ಮರೆಯಾಯಿತು. ಅಳೆಯುವುದು ಕಷ್ಟವಲ್ಲ. 200 ಲೀಟರಿನ ಡ್ರಮ್ಮು 2 ನಿಮಿಷಕ್ಕೆ ತುಂಬಿದರೆ ಗಂಟೆಗೆ 6,000 ಲೀಟರು. ಮೋಟಾರು 6 ಗಂಟೆ ಓಡಿದರೆ 36,000 ಲೀಟರು. ಅಂದರೆ ಎಕರೆಗೆ ಸುಮಾರು 9 ಮಿಲಿಮೀಟರ್ ಮಳೆ ಸುರಿದಂತೆ. 45 ಕಿಲೋ ಯೂರಿಯಾ ಮೂಟೆಯಲ್ಲಿ ಸುಮಾರು 21 ಕಿಲೋ ಸಾರಜನಕವಿರುತ್ತದೆ. ಬೆಳೆ ಹೀರದೆ ಬಿಟ್ಟುದರಲ್ಲಿ ಒಂದು ಪಾಲು ನೈಟ್ರೇಟಾಗಿ ಅಂತರ್ಜಲಕ್ಕಿಳಿದು ಕುಡಿಯುವ ನೀರನ್ನು ಕೆಡಿಸುತ್ತದೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ 12 ಅಂಶಗಳನ್ನು ತಿಳಿಸುತ್ತದೆ; ಅದು ಪೆಟ್ಟಿಗೆಯಲ್ಲೇ ಉಳಿದರೆ ಫಲವೇನು? ಕೀಟನಾಶಕದ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವೂ ಒಂದು ಭಾಷೆಯೇ: ಕೆಂಪು ಅತಿ ಘೋರ ವಿಷ, ಹಳದಿ ಅದಕ್ಕಿಂತ ಕಡಿಮೆ, ಬಳಿಕ ನೀಲಿ, ಕೊನೆಗೆ ಹಸಿರು.

ಎಲ್ಲ ದೋಷವನ್ನೂ ರೈತನ ತಲೆಗೆ ಕಟ್ಟುವುದು ನ್ಯಾಯವಲ್ಲ. ನಂದಿಬೆಟ್ಟದ ಕಡೆಯಿಂದ ಬರುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳಚೆಯನ್ನೂ ಹೊತ್ತು ಕೆಲವರಪಳ್ಳಿ ಜಲಾಶಯ ಸೇರುತ್ತದೆ. ಅಲ್ಲಿ ಬೆಟ್ಟದಂತೆ ನೊರೆಯೆದ್ದುದನ್ನು ನಾವು ಕಂಡಿದ್ದೇವೆ. ಆ ನೀರು ಹಾಯಿಸುವ ರೈತ ಅಪರಾಧಿಯಲ್ಲ, ನೊಂದವನು. ಆದರೆ ನಗರವನ್ನು ಪ್ರಶ್ನಿಸಲಿಕ್ಕೂ ಅವನ ಕೈಯಲ್ಲಿ ದಾಖಲೆ ಇರಬೇಕು.

ನಮ್ಮ ಶಾಲೆಯ ಕರ್ತವ್ಯವಿರುವುದು ಇಲ್ಲಿಯೇ. ಈ ಗಡಿಸೀಮೆಯಲ್ಲಿ ಕಚೇರಿಯ ಕಾಗದ ತಮಿಳು, ಅಂಗಡಿಯ ರಸೀದಿ ಇಂಗ್ಲಿಷು, ಮನೆಯ ಮಾತು ಕನ್ನಡ. ಇವುಗಳ ನಡುವೆ ಸೇತುವೆಯಾಗಬಲ್ಲವರು ನಮ್ಮ ಮಕ್ಕಳು. ನೀರು, ಗೊಬ್ಬರ, ಔಷಧಿ, ಇಳುವರಿ, ಖರ್ಚು ಎಂಬ ಐದು ಕಲಮುಗಳ ಪುಸ್ತಕವೊಂದನ್ನು ಹಳೆಯ ವಿದ್ಯಾರ್ಥಿಗಳು ಕನ್ನಡದಲ್ಲಿ ಅಚ್ಚು ಹಾಕಿಸಲಿ. ಹಿರಿಯ ತರಗತಿಯ ಮಕ್ಕಳು ತಮ್ಮ ಮನೆಯ ಹೊಲದ ಲೆಕ್ಕವನ್ನು ವಾರಕ್ಕೊಮ್ಮೆ ಬರೆಯಲಿ. ಗಣಿತದ ಪಾಠವೂ ಆದೀತು. ವರ್ಷಾಂತ್ಯದಲ್ಲಿ ಪೈಯೂರಿನ ಪ್ರಾದೇಶಿಕ ಸಂಶೋಧನಾ ಕೇಂದ್ರದ ತಜ್ಞರನ್ನು ಶಾಲೆಗೆ ಕರೆಸಿ, ಆ ಲೆಕ್ಕಗಳನ್ನು ರೈತರ ಸಮ್ಮುಖದಲ್ಲಿಯೇ ಚರ್ಚಿಸೋಣ. ನೀರು ಹೆಚ್ಚು ಬಳಸಿದವನ ಇಳುವರಿ ಹೆಚ್ಚಿಲ್ಲವೆಂಬುದು ಪಕ್ಕದ ಹೊಲದ ಲೆಕ್ಕದಿಂದಲೇ ತಿಳಿದರೆ, ಅದಕ್ಕಿಂತ ಬೇರೆ ಬೋಧನೆ ಬೇಕಿಲ್ಲ.

ಐವತ್ತು ವರ್ಷ ಅಕ್ಷರ ದಾನ ಮಾಡಿದ ಈ ಸಂಸ್ಥೆ, ಅನ್ನ ಕೊಡುವ ನೆಲದ ಲೆಕ್ಕವನ್ನೂ ಕಲಿಸುವಂತಾಗಲಿ ಎಂದು ಹಾರೈಸುತ್ತೇನೆ.